ಟ್ರಿಪಲ್ ಟೂ ವಿರುದ್ಧ ಸಾಕ್ಷಿ

ಸಾಕ್ಷಿ ಹರ್ಷವರ್ಧನನ ಫೋನಿನಲ್ಲಿತ್ತು. ಪೋರ್ಟ್ ವೈಕಾಟೊ ಕಡೆಯ, ಕಡಲಂಚಿನ ಒಂದು ಕುರಿ ಫಾರ್ಮ್. ಹುಲ್ಲಿನ ಮೇಲೆ ಬೋರಲಾಗಿ ಮಲಗಿದ ಸಿಂಚನಾ, ಅವಳ ಭುಜಕ್ಕೆ ಆನಿಸಿದ ರೈಫಲ್. ಪಕ್ಕದಲ್ಲಿ ಬೈನಾಕ್ಯುಲರ್ ಹಿಡಿದು ಕೂತ ಅಪ್ಪ. ಹೋದ ಭಾನುವಾರ ಬೇಲಿಯ ಆಚೆ ನಿಂತು ಅವನೇ ತೆಗೆದ ಫೋಟೊ.

ಲೈಸೆನ್ಸ್ ಅಪ್ಪನದು. ಗುಂಡು ಹಾರಿಸುವವಳು ಇವಳು. ಇಷ್ಟು ಸಾಕು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದೂಕು ಲೈಸೆನ್ಸಿನ ಅಧಿಕಾರಿ ಮೌಂಟ್ ರಾಸ್ಕಿಲ್‌ನ ಮನೆಗೆ ಬರುವುದಿತ್ತು. ಅಪ್ಪ ಮೃತ್ಯುಂಜಯರ ಲೈಸೆನ್ಸ್ ಮುಂದಿನ ತಿಂಗಳು ಮುಗಿಯುತ್ತಿತ್ತು. ಅವರಿಗೆ ಎಪ್ಪತ್ತೆರಡು. ಎರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ಅಂಗಿಯ ಗುಂಡಿಯನ್ನೂ ಮಗನೇ ಹಾಕಬೇಕಾದ ದಿನಗಳಿದ್ದವು. ಆ ಕೈಯಲ್ಲಿ ಬಂದೂಕು ಇರುವುದು ಹರ್ಷನಿಗೆ ಬೇಡವಾಗಿತ್ತು. ಲೈಸೆನ್ಸ್ ಹೋದರೆ ಬಂದೂಕೂ ಮನೆ ಬಿಟ್ಟು ಹೋಗಲೇಬೇಕು. ಕೊಳ್ಳುವುದಕ್ಕೆ ಆಫೀಸಿನ ಗೆಳೆಯನೊಬ್ಬ ಒಪ್ಪಿದ್ದ, ಅದೂ ನಗುತ್ತ. ಟ್ರಿಪಲ್ ಟೂ ತೋಟಾದ ರೈಫಲ್ ಅಂದರೆ ಮ್ಯೂಸಿಯಂ ಮಾಲು, ಈಗೆಲ್ಲ ಟೂ ಟೂ ತ್ರೀ ಕಾಲ ಎಂದಿದ್ದ.

ಶನಿವಾರ ತಿಂಡಿಯ ಹೊತ್ತಿಗೆ ಹರ್ಷ ಗೆಳೆಯನ ಆ ಮಾತನ್ನು ಮೇಜಿನ ಮೇಲಿಟ್ಟ.

"ಮೊಲಕ್ಕೆ ಮಾಡೆಲ್ ಇಯರ್ ಓದಕ್ಕೆ ಬರಲ್ಲ ಕಣೋ," ಎಂದರು ಮೃತ್ಯುಂಜಯ.

ಅಂಗಡಿಯಲ್ಲಿ ಅದರ ತೋಟಾ ಸಿಕ್ಕುವುದೇ ಅಪರೂಪ ಎಂದು ಹರ್ಷ ಹೇಳಿದ. ಕಿರುಬೆರಳಿನಷ್ಟು ಉದ್ದದ ಆ ಹಿತ್ತಾಳೆಯ ತೋಟಾಗಳು ಇದ್ದರೆ ಒಂದು ಪೆಟ್ಟಿಗೆ, ಅದೂ ತೀರಾ ಕೆಳಗಿನ ಶೆಲ್ಫಿನಲ್ಲಿ. ಅದಕ್ಕೇ ಅಪ್ಪ ಹಾರಿಸಿದ ತೋಟಾಗಳ ಖಾಲಿ ಕವಚ ಎಸೆಯದೆ, ಕೈ ನೆಟ್ಟಗಿದ್ದ ದಿನ ಗರಾಜಿನಲ್ಲಿ ಕೂತು ಮದ್ದು ತುಂಬಿಕೊಳ್ಳುತ್ತಿದ್ದರು. ಓದಲು ಈ ದೇಶಕ್ಕೆ ಬಂದ ಕಾಲದಲ್ಲಿ, ರಜೆಗೆ ದುಡಿದ ಫಾರ್ಮಿನ ಯಜಮಾನನಿಂದ ಕೊಂಡ ರೈಫಲ್ ಅದು.

ಸಿಂಚನಾ ದೋಸೆ ಮುರಿಯುವುದನ್ನು ನಿಲ್ಲಿಸಿದಳು. ಮೃತ್ಯುಂಜಯರ ಅಣ್ಣನ ಮೊಮ್ಮಗಳು. ಪರಿಸರ ವಿಜ್ಞಾನದ ಡಿಗ್ರಿ ಮುಗಿಸಿ ಈ ಮನೆಯಲ್ಲೇ ಉಳಿದವಳು. ಬಸ್ಸಿನಿಂದ ಇಳಿಯುವಾಗ ಊರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಕೂಗಿದರೆ ಇವಳು ತಲೆ ಮಾತ್ರ ಆಡಿಸುತ್ತಿದ್ದಳು.

"ಅದು ಭುಜಕ್ಕೆ ಒದೆಯಲ್ಲ, ಚಿಕ್ಕಪ್ಪ," ಎಂದಳು. "ಹಾರಿಸಿದ ಮೇಲೂ ಸ್ಕೋಪಲ್ಲಿ ಮೊಲ ಕಾಣ್ತಾನೇ ಇರತ್ತೆ. ತಪ್ಪಿದ್ರೆ ಎಲ್ಲಿ ತಪ್ತು ಅಂತ ನಾನೇ ನೋಡ್ಬಹುದು. ದೊಡ್ಡ ಬಂದೂಕಲ್ಲಿ ಅದಾಗಲ್ಲ."

"ಮೊಟ್ಟೆ ತಿನ್ನಲ್ಲ, ಮೊಲ ಹೊಡೀತೀಯ," ಎಂದ ಹರ್ಷ.

"ತಿನ್ನಕ್ಕೆ ಹೊಡೆಯಲ್ಲ."

ಯಾಕೆ ಹೊಡೆಯುತ್ತಾಳೆಂದು ಹರ್ಷನಿಗೆ ಗೊತ್ತಿತ್ತು. ಫಾರ್ಮಿನ ಅಂಚಿನ ಮರಳಿನಲ್ಲಿ ಡಾಟ್ರೆಲ್ ಹಕ್ಕಿಗಳು ಬರಿನೆಲದ ಮೇಲೇ ಮೊಟ್ಟೆಯಿಡುತ್ತವೆ. ಮೊಲ ಹೆಚ್ಚಿದರೆ ಅದನ್ನು ತಿನ್ನುವ ಸ್ಟೋಟ್ ಹೆಚ್ಚುತ್ತದೆ. ಮುಂಗುಸಿಯಂಥ ಆ ಪ್ರಾಣಿ ಮೊಲ ಮುಗಿಸಿ ಹಕ್ಕಿಮರಿಗಳಿಗೆ ಬಾಯಿಡುತ್ತದೆ. ಆರು ಮರಿಗಳಲ್ಲಿ ಒಂದು ಉಳಿದ ವರ್ಷ ಅವಳು ಎರಡು ದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಹರ್ಷ ಫೋನ್ ತಿರುಗಿಸಿ ಫೋಟೊ ತೋರಿಸಿದ. ಇವತ್ತು ಇದನ್ನು ಅಧಿಕಾರಿಯ ಮುಂದಿಡುತ್ತೇನೆ ಎಂದ. ತೋರಿಸಬೇಡ ಎಂದು ಇಬ್ಬರೂ ಬೇಡಿಕೊಳ್ಳುತ್ತಾರೆ ಎಂದುಕೊಂಡಿದ್ದ.

ಮೃತ್ಯುಂಜಯ ಕನ್ನಡಕ ಏರಿಸಿ ಫೋಟೊ ನೋಡಿದರು. "ಚೆನ್ನಾಗಿ ಬಂದಿದೆ. ತೋರಿಸು. ಕಂಡಿದ್ದೆಲ್ಲ ಹೇಳು, ಒಂದೂ ಬಿಡಬೇಡ."

ಸಿಂಚನಾ ತಲೆ ತಗ್ಗಿಸಲಿಲ್ಲ. ಅದೇ ಅವನನ್ನು ಕೆರಳಿಸಿತು.

ಅಧಿಕಾರಿಯ ಹೆಸರು ಟ್ರೇಸಿ. ಬೂಟು ಬಾಗಿಲಲ್ಲೇ ಬಿಚ್ಚಿಟ್ಟಳು. ಮೊದಲು ಅಪ್ಪ, ಸಿಂಚನಾ ಇಬ್ಬರ ಜೊತೆ ಗರಾಜಿಗೆ ಹೋಗಿ, ಬಂದೂಕು ಇಡುವ, ಗೋಡೆಗೆ ಬೋಲ್ಟ್ ಮಾಡಿದ ಉಕ್ಕಿನ ಪೆಟ್ಟಿಗೆಯನ್ನು ಎಳೆದು ನೋಡಿದಳು. ಬಳಿಕ ಮನೆಯವರನ್ನು ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದು, ಬಾಗಿಲು ಮುಚ್ಚಿ ಮಾತಾಡಿಸಿದಳು. ಅದು ಅವರ ಪದ್ಧತಿ; ಎದುರಿಗೆ ಹೇಳಲಾಗದ್ದನ್ನು ಹೇಳಲಿ ಎಂದು.

ಹರ್ಷನ ಸರದಿ ಕೊನೆಯದು. ಅವಳು ಫೈಲು ತೆರೆಯುವ ಮೊದಲೇ ಅವನು ಫೋನ್ ಮುಂದಿಟ್ಟ. ಅಪ್ಪ ಟ್ರಿಗರ್ ಮುಟ್ಟಿ ಎರಡು ವರ್ಷ ಆಗಿದೆ, ಹಾರಿಸುವುದೆಲ್ಲ ಈ ಹುಡುಗಿ ಎಂದ.

ಲೈಸೆನ್ಸ್ ಇರುವವರು ಕೈಗೆಟುಕುವಷ್ಟು ಹತ್ತಿರ ಕೂತು ನೋಡಿಕೊಳ್ಳುತ್ತಿದ್ದರೆ ಅದೇನೂ ತಪ್ಪಲ್ಲ ಎಂದಳು ಟ್ರೇಸಿ. ಹತ್ತಿರ ಇದ್ದರೇ ಎಂದು ಕೇಳಿದಳು.

ಇದ್ದರು. ಹರ್ಷ ಒಪ್ಪಿಕೊಂಡ. ಆದರೆ ಸುಮ್ಮನೆ ಕೂತದ್ದಷ್ಟೇ, ಅಪ್ಪ ಮಾಡುವುದು ಏನೂ ಇಲ್ಲ, ಎಲ್ಲ ಅವಳೇ ಎಂದು ಒತ್ತಿ ಹೇಳಿದ.

ಅವಳ ಬಗ್ಗೆ ಇನ್ನಷ್ಟು ಹೇಳಿ ಎಂದು ಟ್ರೇಸಿ ಪೆನ್ನು ತೆಗೆದಳು.

ಹರ್ಷ ಹೇಳಿದ. ತೋಟಾ ಒಂದೊಂದೇ ಹಾಕುತ್ತಾಳೆ. ಬೇಲಿ ದಾಟುವ ಮೊದಲು ಬಂದೂಕಿನ ಬೋಲ್ಟ್ ತೆರೆದು, ಖಾಲಿ ಎಂದು ಬೆರಳಿಟ್ಟು ನೋಡುತ್ತಾಳೆ. ಅಪ್ಪ ಮರೆತರೆ ಅವರಿಗೇ ನೆನಪಿಸುತ್ತಾಳೆ. ಭಾನುವಾರ ನೂರು ಮೀಟರಿನಲ್ಲಿ ದೊಡ್ಡ ಮೊಲ ಎದ್ದು ಕೂತಿತ್ತು. ಅಪ್ಪನೇ ಹೊಡಿ ಎಂದರು. ಅವಳು ಹೊಡೆಯಲಿಲ್ಲ. ಹಿಂದಿನ ದಿಬ್ಬದ ಮೇಲೆ ಕುರಿಯ ಕಿವಿ ಕಾಣುತ್ತಿದೆ ಎಂದು ಬಂದೂಕು ಕೆಳಗಿಟ್ಟಳು. ಕುರಿ ತನಗೂ ಕಂಡಿರಲಿಲ್ಲ, ಅಪ್ಪನಿಗೂ ಕಂಡಿರಲಿಲ್ಲ. ಈಗ ಹೇಳಿ, ಬಂದೂಕು ನಿಜವಾಗಿ ಯಾರ ಕೈಯಲ್ಲಿದೆ?

ಟ್ರೇಸಿ ಕೊನೆಯ ಸಾಲಿನವರೆಗೂ ಬರೆದುಕೊಂಡಳು. ಸಹಿಗೆಂದು ಹಾಳೆಯನ್ನು ಅವನತ್ತ ತಿರುಗಿಸಿದಳು. ಹರ್ಷ ಓದದೆ, ಗೆದ್ದವನಂತೆ ಸಹಿ ಹಾಕಿದ. ಹಾಗಾದರೆ ಅಪ್ಪನಿಗೆ ಲೈಸೆನ್ಸ್ ಸಿಗುವುದಿಲ್ಲವಲ್ಲ ಎಂದು ಖಚಿತ ಮಾಡಿಕೊಳ್ಳಲು ಕೇಳಿದ.

ಮೃತ್ಯುಂಜಯ ಅವರು ನವೀಕರಣಕ್ಕೆ ಅರ್ಜಿಯನ್ನೇ ಹಾಕಿಲ್ಲ ಎಂದಳು ಟ್ರೇಸಿ. ತಾನು ಬಂದದ್ದು ಸಿಂಚನಾ ಅವರ ಅರ್ಜಿಯ ಮೇಲೆ, ಮತ್ತು ಮನೆಯವರಿಂದ ಇಷ್ಟು ಒಳ್ಳೆಯ ಶಿಫಾರಸು ಬರೆದುಕೊಂಡದ್ದು ಇದೇ ಮೊದಲು.