ಸ್ಮಶಾನದ ದಾರಿ

ಶಾಸಕರ ಭಾವಮೈದ ಹಾಕಿಸಿದ ಬೇಲಿ ಕೇರಿಯವರ ಸ್ಮಶಾನದ ದಾರಿಯನ್ನೇ ಮುಚ್ಚಿತ್ತು. ಪುಟ್ಟಸಿದ್ದಮ್ಮ ಕೇಳಲು ಹೋದಾಗಲೆಲ್ಲ ಶಾಸಕರದು ಒಂದೇ ಮಾತು: "ಮಠದ ಬುದ್ಧಿಯವರು ಹೂಂ ಅಂದ್ರೆ ನಾಳೇನೇ ತೆಗೆಸ್ತೀನಿ ಕಣಮ್ಮ. ಅವರ ಮಾತು ನಂಗೆ ದೇವರ ಮಾತು."

ಮಠಕ್ಕೆ ಹೋದರೆ ಸ್ವಾಮೀಜಿ, "ರಾಜಕೀಯ ನಮಗ್ಯಾಕೆ ತಾಯಿ" ಎನ್ನುತ್ತಿದ್ದರು.

ಗಂಡನ ಹೆಣವನ್ನು ಕೆಸರುಗದ್ದೆಯಲ್ಲಿ ಹೊತ್ತು ಸಾಗಿಸಿ ಮಣ್ಣು ಮಾಡಿದ ಮರುದಿನ ಅವಳು ಮಠದ ಬಾಗಿಲಲ್ಲೇ ಕುಳಿತು, "ಸತ್ತೋರ್ಗೂ ದಾರಿ ಕೊಡ್ಸಕ್ಕಾಗ್ದಿದ್ರೆ ಮಠ ಯಾಕ್ ಬುದ್ಧಿ?" ಎಂದು ಚೀರಿದಳು. ಸ್ವಾಮೀಜಿ ತಲೆ ತಗ್ಗಿಸಿದರು. ಅಂದು ಸಂಜೆ ದರ್ಶನಕ್ಕೆ ಬಂದ ಶಾಸಕರಿಗೆ ಎಲ್ಲರೆದುರೇ, "ಆ ಬೇಲಿ ತೆಗೆಸಿ" ಎಂದರು.

ಶಾಸಕರು ಪಾದ ಮುಟ್ಟಿ ನಮಸ್ಕರಿಸಿ ಮೆಲ್ಲಗೆ ಹೇಳಿದರು: "ನಾವು ಇಲ್ಲಿಗೆ ಬರೋದು ಆಶೀರ್ವಾದ ತಗೊಳ್ಳೋಕೆ ಬುದ್ಧಿ, ಅಪ್ಪಣೆ ತಗೊಳ್ಳೋಕಲ್ಲ."