ಅಮ್ಮ ಹಾಡು ನಿಲ್ಲಿಸಿದ ಭಾನುವಾರ

ಕೊಬ್ಬರಿ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಚಾಮರಾಜಪೇಟೆಯ ನಮ್ಮ ಮನೆಗೆ ಚರ್ಚಿನ ಅಯ್ಯನವರು ಬಂದ ಮಧ್ಯಾಹ್ನ ನೆನಪಾಗುತ್ತದೆ.

ನಾನು ಆಗ ನಾಲ್ಕನೇ ಕ್ಲಾಸು. ಅಮ್ಮ ಸಾರಿಗೆ ಕೊಬ್ಬರಿ ಹುರಿಯುತ್ತಾ, ಬೆಳಿಗ್ಗೆ ಆರಾಧನೆಯಲ್ಲಿ ತಾನು ಹಾಡಿದ್ದ ಕೀರ್ತನೆಯನ್ನೇ ಮತ್ತೆ ಗುನುಗುತ್ತಿದ್ದಳು. ಮದುವೆಗೆ ಮೊದಲು ಸಂಗೀತ ಕಲಿತವಳು. ಅವಳು ಒಂದೊಂದು ಮಾತನ್ನೂ ಎಳೆದು, ಬಳುಕಿಸಿ ಹಾಡಿದರೆ ಹಿಂದಿನ ಬೆಂಚಿನ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಯ್ಯನವರ ಜೊತೆ ಚರ್ಚಿನ ಸಭೆಯ ಹಿರಿಯರೊಬ್ಬರೂ ಬಂದಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಅಯ್ಯನವರು ಮೆಲ್ಲಗೆ ಶುರುಮಾಡಿದರು.

"ನೋಡಮ್ಮಾ, ಚರ್ಚಲ್ಲಿ ಸಂಗೀತ ಇರೋದು ದೇವರ ಮಹಿಮೆಗೆ. ನೀವು ಹಾಡಿದ್ರೆ ಜನ ದೇವರನ್ನ ಮರೆತು ನಿಮ್ಮನ್ನೇ ನೋಡ್ತಾರೆ."

"ನಾನು ಕಣ್ಣು ಮುಚ್ಕೊಂಡು ಹಾಡ್ತೀನಿ ಅಯ್ಯನವರೇ. ಯಾರು ಎಲ್ಲಿ ನೋಡ್ತಾರೋ ನನಗೇನು ಗೊತ್ತು?" ಅಂದಳು ಅಮ್ಮ.

"ಅದು ಸಂಗೀತ ಕಚೇರಿ ಅಲ್ಲಮ್ಮ, ಚರ್ಚು," ಅಂದರು ಹಿರಿಯರು.

ಅಮ್ಮ ಅಪ್ಪನ ಕಡೆ ನೋಡಿದಳು. ನೆಂಟರು ಬಂದಾಗಲೆಲ್ಲ ಅವಳ ಕೈಲಿ ಹಾಡಿಸಿ ಬೀಗುತ್ತಿದ್ದ ಅಪ್ಪ, ಸೋಫಾದ ಕವರಿನಿಂದ ಎದ್ದಿದ್ದ ದಾರವನ್ನು ಬೆರಳಿಗೆ ಸುತ್ತುತ್ತಾ, "ದೊಡ್ಡವರು ಹೇಳಿದ ಮೇಲೆ ಮುಗೀತಲ್ಲ," ಅಂದರು.

ಮುಂದಿನ ಭಾನುವಾರ ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಆ ಹಿರಿಯರ ಮಗಳು ನಿಂತು ಹಾಡಿದಳು. ಶ್ರುತಿ ಎಲ್ಲೋ, ಅವಳೆಲ್ಲೋ. ಹಾಡು ಮುಗಿದಾಗ ಅಯ್ಯನವರು "ದೇವರಿಗೆ ಮಹಿಮೆ" ಅಂದರು. ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದವರು ನಮ್ಮಪ್ಪ.

ಆಮೇಲೆ ಅಮ್ಮ ಮನೆಯಲ್ಲೂ ಹಾಡಲಿಲ್ಲ. ಹಾಡು ಅಂತ ಅಪ್ಪ ಕೇಳಲೂ ಇಲ್ಲ.