ಹನ್ನೊಂದನೆಯ ಒಲೆ

ಅತ್ತೆ ತುಳಜಾಬಾಯಿ ಉರಿಯುತ್ತಿದ್ದ ಒಲೆಗೆ ತಂಬಿಗೆ ನೀರು ಸುರಿದಾಗ, ರೊಟ್ಟಿ ಬಡಿಯುತ್ತಿದ್ದ ಶಿವಕಾಂತಾಳ ಕೈ ನಿಂತುಹೋಯಿತು.

ಹೊರಗೆ ಕಟ್ಟೆಯ ಮೇಲೆ, ಆಳಂದದಿಂದ ಬಂದ ಕಂದಾಯ ಇಲಾಖೆಯ ಗಿರದಾವರ ಜೋಳ ಹಂಚಲು ಮನೆಗಳ ಲೆಕ್ಕ ಕೇಳುತ್ತಿದ್ದ. "ಈ ಓಣ್ಯಾಗ ನಮ್ಮವು ಹತ್ತು ಒಲಿ ಅದಾವ್ರಿ" ಎಂದು ಮಾವ ಗುರಣ್ಣ ಆಗತಾನೆ ಹೇಳಿದ್ದ. ಎದುರುಮನೆಯ ಖೈರೂನಬಿಯನ್ನು ಎಣಿಸಿರಲಿಲ್ಲ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಗಲಭೆಯಲ್ಲಿ ಗಂಡ ಸತ್ತಾಗಿನಿಂದ ಅವಳು ಮಕ್ಕಳೊಂದಿಗೆ ಬಾಗಿಲು ಹಾಕಿಕೊಂಡಿದ್ದಳು. ಇವತ್ತು ಅವಳ ಬೆಳಕಿಂಡಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಗಂಡಸರೆದುರು ಎಂದೂ ನಿಲ್ಲದ ಅತ್ತೆ ಕೈಯಲ್ಲೊಂದು ಸಗಣಿಯ ಕುಳ್ಳು ಹಿಡಿದು, ಅವರ ನಡುವೆಯೇ ದಾಟಿಹೋಗಿ ಆ ಬಾಗಿಲು ಬಡಿದಳು.

"ಖೈರೂನ್, ನಮ್ಮ ಒಲಿ ಆರ್ಯಾದ. ಈಟು ಬೆಂಕಿ ಕೊಡು ಬೇ."

ಕಟ್ಟೆಯ ಮೇಲಿದ್ದವರೆಲ್ಲ ಅತ್ತ ತಿರುಗಿದರು. ಆ ಓಣಿಯಲ್ಲಿ ಬೆಂಕಿ ಕೇಳುವುದು ನಮ್ಮವರು ಅನ್ನುವವರ ಮನೆಯಲ್ಲಿ ಮಾತ್ರ.

ಬಾಗಿಲು ತೆರೆಯಿತು. ಖೈರೂನಬಿ ಕುಳ್ಳಿನ ಮೇಲೆ ಕೆಂಡವಿಟ್ಟಳು. "ನಿಮ್ಮ ಒಲಿ ಎಂದರ ಆರ್ಯಾದೇನಕ್ಕಾ?" ಅನ್ನುತ್ತಲೇ ಅವಳ ಕಣ್ಣು ತುಂಬಿದವು.

ಗುರಣ್ಣ ತಲೆ ತಗ್ಗಿಸಿ ಕೆಮ್ಮಿದ. "ಹನ್ನೊಂದು ಬರಕೊಳ್ರಿ, ಸಾಹೇಬ್ರ."

ಕೆಂಡ ಊದುತ್ತ ಬರುತ್ತಿದ್ದ ಅತ್ತೆಯನ್ನು, ಮೊದಲ ಸಲ ಕಾಣುವವಳಂತೆ ನೋಡುತ್ತ ಶಿವಕಾಂತಾ ಒಲೆಯ ಹಸಿ ಬೂದಿ ತೆಗೆಯತೊಡಗಿದಳು.